ಮೊದಲು ಊರು ಕೇಳಿ, ಆಮೇಲೆ ರಕ್ತ ತೆಗೆಯಿರಿ: ಲೈಮ್ ರೋಗದ ಬಗ್ಗೆ ಉಡುಪಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಉಡುಪಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಹಾಗೂ ಜಿಲ್ಲೆಯ ಸರಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಗಮನಕ್ಕೆ.

ಮಾನ್ಯರೇ,

ಹಿರಿಯಡ್ಕದ ಸಮೀಪದ ಹಳ್ಳಿಯೊಂದರಲ್ಲಿ ವಾಸವಾಗಿರುವ ನಾನು ಪದವಿಪೂರ್ವ ಕಾಲೇಜುಗಳಲ್ಲಿ 31 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಉಣುಗು ಕಚ್ಚುವುದರಿಂದ ಬರುವ ಲೈಮ್ ರೋಗ ಎಂಬ ಕಾಯಿಲೆಯ ಬಗ್ಗೆ, ಅದನ್ನು ಬೇರೆ ಬೇರೆ ದೇಶಗಳು ಗುರುತಿಸುವ ಬಗೆಯ ಬಗ್ಗೆ, ಮತ್ತು ಈ ವಿಷಯದಲ್ಲಿ ನಮ್ಮ ಜಿಲ್ಲೆ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳ ಬಗ್ಗೆ ತಮ್ಮ ಗಮನ ಸೆಳೆಯಲು ಇದನ್ನು ಬರೆಯುತ್ತಿದ್ದೇನೆ. ಅರ್ಜಿಯಾಗಿ ಕೊಟ್ಟರೆ ಕಡತದಲ್ಲಿ ಉಳಿದೀತು, ನಾಲ್ಕು ಜನ ವೈದ್ಯರೂ ನಾಲ್ಕು ಜನ ತಾಯಂದಿರೂ ಓದುವಂತಾಗಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ. ಇದರಲ್ಲಿ ಯಾವ ವೈದ್ಯರ ಹೆಸರೂ ಯಾವ ಆಸ್ಪತ್ರೆಯ ಹೆಸರೂ ಇಲ್ಲ. ತಪ್ಪು ಹುಡುಕಲು ಹೊರಟರೆ ಮೊದಲು ಸಿಕ್ಕಿಬೀಳುವವಳು ನಾನೇ.

ಕಳೆದ ವರ್ಷ ಜೂನ್ ಕೊನೆಯ ವಾರ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿರುವ ನನ್ನ ಮಗಳು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಊರಿಗೆ ಬಂದಳು. ಅಲ್ಲಿಯ ಬೇಸಿಗೆ ರಜೆ ನಮಗೆ ಮಳೆಗಾಲ. ಬಂದ ಐದಾರು ದಿನಕ್ಕೆ ಬಚ್ಚಲಲ್ಲಿ ಹುಡುಗನ ಮೈಗೆ ಎಣ್ಣೆ ತಿಕ್ಕುತ್ತಿದ್ದಾಗ ಎಡಗಾಲಿನ ಮೊಣಕಾಲ ಹಿಂದೆ ಎಂಟಾಣೆ ನಾಣ್ಯದಷ್ಟು ಅಗಲದ ಒಂದು ಕಲೆ ಕಂಡಿತು. ಅದು ಕೆಂಪಾಗಿರಲಿಲ್ಲ, ನಮ್ಮ ಮೈಬಣ್ಣದ ಮೇಲೆ ನೇರಳೆ ಹಣ್ಣಿನ ಸಿಪ್ಪೆ ತಿಕ್ಕಿದ ಹಾಗೆ ಕಂದುನೀಲಿಯಾಗಿತ್ತು. ಮಳೆಗಾಲ, ಒಣಗದ ಚಡ್ಡಿ, ಇದು ಹುಳುಕಡ್ಡಿಯೇ ಸೈ ಎಂದು ನಿರ್ಧರಿಸಿ ಮನೆಯಲ್ಲಿದ್ದ ಮುಲಾಮು ಹಚ್ಚಿದೆ. ಹಬ್ಬುತ್ತದೆಯೋ ಎಂದು ತಿಳಿಯಲು ಬಾಲ್‌ಪೆನ್ನಿನಿಂದ ಅದರ ಅಂಚಿಗೆ ಸರಿಯಾಗಿ ಸುತ್ತ ಗೆರೆ ಎಳೆದೆ. ಸ್ನಾನದಲ್ಲಿ ಮಾಸಿದಾಗಲೆಲ್ಲ ಅದೇ ಗೆರೆಯ ಮೇಲೆ ಮತ್ತೆ ಎಳೆದೆ. ಮೂರನೆಯ ದಿನಕ್ಕೆ ಕಲೆ ಗೆರೆ ದಾಟಿತ್ತು. ಐದನೆಯ ದಿನ ಅದು ಅಂಗೈ ಅಗಲವಾಗಿ, ನಾನು ಎಳೆದ ಗೆರೆ ನಡುವೆ ಒಂದು ಸಣ್ಣ ದ್ವೀಪದಂತೆ ಉಳಿದಿತ್ತು. ಆಗ ಒಂದು ಫೋಟೋ ತೆಗೆದಿಟ್ಟೆ. ತುರಿಸುತ್ತದಾ ಎಂದು ದಿನವೂ ಕೇಳುತ್ತಿದ್ದೆ. "ಇಲ್ಲ ಅಜ್ಜಿ, ಎಂಥದೂ ಆಗುವುದಿಲ್ಲ" ಎನ್ನುತ್ತಿದ್ದ. ಹುಳುಕಡ್ಡಿಯಾದರೆ ಸಾಮಾನ್ಯವಾಗಿ ತುರಿಸುತ್ತದೆ, ಅಂಚಿನಲ್ಲಿ ಹೊಟ್ಟು ಏಳುತ್ತದೆ, ಮತ್ತು ಐದು ದಿನದಲ್ಲಿ ಅಂಗೈ ಅಗಲವಾಗುವುದಿಲ್ಲ. ವರ್ಷ ವರ್ಷವೂ ಮಕ್ಕಳಿಗೆ ಶಿಲೀಂಧ್ರದ ಪಾಠ ಮಾಡಿದವಳಿಗೆ ಇಷ್ಟು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಚರ್ಮದ ವೈದ್ಯರಿಗೆ ತೋರಿಸಿದೆವು. ಅವರೂ ಮಳೆಗಾಲದ ಫಂಗಸ್ ಎಂದು ಬೇರೊಂದು ಮುಲಾಮು ಬರೆದುಕೊಟ್ಟರು. ಎರಡು ವಾರದಲ್ಲಿ ಕಲೆ ತಾನಾಗಿಯೇ ಮಾಯವಾಯಿತು. ನಾವು ಮುಲಾಮಿನ ಗುಣ ಎಂದುಕೊಂಡೆವು. ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಗಂಜಿ ಉಣ್ಣುತ್ತಿದ್ದ ಹುಡುಗನ ಬಾಯಿಯ ಬಲತುದಿಯಿಂದ ತೆಳಿ ಸೋರಿತು. ಒರೆಸಿಕೋ ಎಂದೆ. ಒರೆಸಿಕೊಂಡ, ಮತ್ತೆ ಸೋರಿತು. ಎದ್ದು ಹತ್ತಿರ ಹೋಗಿ ನಗಿಸಿ ನೋಡಿದರೆ ಮುಖದ ಎಡ ಅರ್ಧ ಮಾತ್ರ ನಕ್ಕಿತು, ಬಲಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

ಒಂದು ಕಡೆ ಗಾಳಿ ತಾಗಿದ್ದು, ತಾನಾಗಿ ಸರಿಹೋಗುತ್ತದೆ ಎಂದರು. ಇನ್ನೊಂದು ಕಡೆ ಬೆಲ್ಸ್ ಪಾಲ್ಸಿ (ಕಾರಣ ತಿಳಿಯದೆ ಮುಖದ ನರ ಸೋಲುವುದು) ಎಂದು ಸ್ಟಿರಾಯ್ಡ್ ಬರೆದರು. ಇವರನ್ನು ನಾನು ದೂರುವುದಿಲ್ಲ. ನಮ್ಮಲ್ಲಿ ಬಾಯಿ ಸೊಟ್ಟಗಾಗಿ ಬರುವವರಿಗೆ ಹೆಚ್ಚಾಗಿ ಇರುವುದೂ ಅದೇ. ಮೂರನೆಯ ಕಡೆ, ಓದು ಮುಗಿಸಿ ಹೆಚ್ಚು ವರ್ಷವಾಗಿರದ ಡಾಕ್ಟರಮ್ಮ ಒಬ್ಬರು ಚೀಟಿ ಬರೆಯುವ ಮೊದಲು, ಇವನು ವಾಸ ಇರುವುದು ಎಲ್ಲಿ ಎಂದು ಕೇಳಿದರು. ಊರು ಹೇಳಿದ ಮೇಲೆ ಪೆನ್ನು ಕೆಳಗಿಟ್ಟು, ಮನೆಯ ಹಿಂದೆ ಮರಗಿಡ ಇವೆಯೇ, ಜಿಂಕೆ ಬರುತ್ತವೆಯೇ, ಎರಡು ತಿಂಗಳ ಈಚೆಗೆ ಮೈಮೇಲೆ ಎಲ್ಲಾದರೂ ಕಲೆ ಎದ್ದಿತ್ತೇ ಎಂದು ಒಂದರ ಹಿಂದೆ ಒಂದು ಕೇಳಿದರು. ನಾನು ಮೊಬೈಲ್ ತೆಗೆದು ಆ ಫೋಟೋ ತೋರಿಸಿದೆ. ಅವರು ಗೆರೆಯನ್ನೂ ಗೆರೆ ದಾಟಿ ಹೋಗಿದ್ದ ಕಲೆಯನ್ನೂ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಲೈಮ್ ರೋಗ ಇರಬಹುದು ಎಂದರು. ಅಂದೇ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಶುರುಮಾಡಿದರು. ಪರೀಕ್ಷೆ ಅಲ್ಲಿ ಇರಲಿಲ್ಲವಾದ್ದರಿಂದ ರಕ್ತವನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದರು. ಎರಡೂ ಹಂತದ ಪರೀಕ್ಷೆಯಲ್ಲಿ ಪಾಸಿಟಿವ್ ಎಂಬ ವರದಿ ಹನ್ನೊಂದು ದಿನದ ಮೇಲೆ ಬಂತು. ಅಷ್ಟು ಹೊತ್ತಿಗೆ ಹುಡುಗನ ಕಣ್ಣು ಮುಚ್ಚತೊಡಗಿತ್ತು. ಔಷಧದ ಅಂಗಡಿಯಲ್ಲಿ ಕಾಯಿಲೆಯ ಹೆಸರು ಹೇಳಿದಾಗ ಅಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿ, "ಲೈಮಾ? ಅದೆಂಥದು ಟೀಚರೇ, ನಿಂಬೆಹುಳಿಯದ್ದಾ?" ಎಂದು ಕೇಳಿದ. ನಾನು ಅವನಿಗೆ ಪಾಠ ಮಾಡಿದ ವರ್ಷಗಳಲ್ಲಿ ಈ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ, ಆದ್ದರಿಂದ ಅವನನ್ನು ನಗುವ ಹಾಗಿರಲಿಲ್ಲ.

ಲೈಮ್ ಎನ್ನುವುದು ನಿಂಬೆಯೂ ಅಲ್ಲ, ಸುಣ್ಣವೂ ಅಲ್ಲ. ಕನೆಕ್ಟಿಕಟ್‌ನ ಒಂದು ಸಣ್ಣ ಊರಿನ ಹೆಸರು. ಅಲ್ಲಿ ಪಾಲಿ ಮರ್ರಿ ಎಂಬ ಗೃಹಿಣಿ ತನ್ನ ಮನೆಯವರಿಗೆ ಬರುತ್ತಿದ್ದ ಗಂಟುನೋವು, ದದ್ದು, ಜ್ವರಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಳ್ಳುತ್ತಿದ್ದರು. ವೈದ್ಯರು ಬಹುಕಾಲ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಅವರೂ ಇನ್ನೊಬ್ಬ ತಾಯಿಯೂ ಪಟ್ಟುಬಿಡದೆ 1975ರಲ್ಲಿ ಆರೋಗ್ಯ ಇಲಾಖೆಗೆ ತಿಳಿಸಿದ ಮೇಲೆ ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟೀರ್ ತನಿಖೆಗೆ ಬಂದರು. ಲೈಮ್ ಮತ್ತು ಪಕ್ಕದ ಎರಡು ಊರುಗಳಲ್ಲಿ 51 ರೋಗಿಗಳು ಸಿಕ್ಕಿದರು. ಅವರಲ್ಲಿ 39 ಮಂದಿ ಮಕ್ಕಳು. ಅಷ್ಟು ಸಣ್ಣ ಊರುಗಳಲ್ಲಿ ಅಷ್ಟು ಮಕ್ಕಳಿಗೆ ಸಂಧಿವಾತ ಬರುವುದು ಸಹಜವಲ್ಲ ಎಂಬುದೇ ಶೋಧದ ಮೊದಲ ಮೆಟ್ಟಿಲು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗಿನ ಹೊಟ್ಟೆಯಲ್ಲಿ ತಿರುಪಿನ ಆಕಾರದ ಬ್ಯಾಕ್ಟೀರಿಯಾ ಕಂಡರು, ಅದಕ್ಕೆ ಮುಂದೆ ಅವರದೇ ಹೆಸರು ಸೇರಿ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂದಾಯಿತು.

ಯುರೋಪಿನಲ್ಲಿ ಇದೇ ಕಾಯಿಲೆ ಅದಕ್ಕೂ ಬಹಳ ಹಿಂದೆ ಹರಿದ ಪುಟಗಳಂತೆ ಬಿಡಿಬಿಡಿಯಾಗಿ ಬಿದ್ದುಕೊಂಡಿತ್ತು. ಸ್ವೀಡನ್ನಿನ ಚರ್ಮವೈದ್ಯ ಅರ್ವಿಡ್ ಅಫ್ಜೇಲಿಯಸ್ ಉಣುಗು ಕಚ್ಚಿದ ಜಾಗದಿಂದ ಹರಡುವ ಕಲೆಯನ್ನು 1909ರಲ್ಲೇ ವಿವರಿಸಿದ್ದರು. ಫ್ರಾನ್ಸಿನ ಇಬ್ಬರು ವೈದ್ಯರು 1922ರಲ್ಲಿ ಉಣುಗು ಕಚ್ಚಿದ ಮೇಲೆ ಬಂದ ನರಬೇನೆಯ ಬಗ್ಗೆ ಬರೆದಿದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಚರ್ಮದವರು ಚರ್ಮ ನೋಡಿದರು, ನರದವರು ನರ ನೋಡಿದರು, ಮೂಳೆಯವರು ಗಂಟು ನೋಡಿದರು. ನನ್ನ ಮೊಮ್ಮಗನಿಗೆ ಒಂದೇ ತಿಂಗಳಲ್ಲಿ ಆದದ್ದೂ ಇದೇ ಎಂಬುದನ್ನು ತಾವು ಗಮನಿಸಬೇಕು: ಕಲೆ ಒಬ್ಬರ ಚೀಟಿಯಲ್ಲಿ, ಮುಖ ಇನ್ನೊಬ್ಬರ ಚೀಟಿಯಲ್ಲಿ, ಎರಡನ್ನೂ ಕೂಡಿಸಿದ ಪ್ರಶ್ನೆ ಮಾತ್ರ ಊರಿನದು.

ಈ ರೋಗದ ನಿರ್ಣಯದಲ್ಲಿ ಅರ್ಧ ಭಾಗ ಭೂಗೋಳ. ಇದನ್ನು ಹರಡುವುದು ಇಕ್ಸೋಡಿಸ್ ಕುಲದ ಕೆಲವು ಉಣುಗುಗಳು ಮಾತ್ರ. ಅಮೆರಿಕದ ಪೂರ್ವದಲ್ಲಿ ಒಂದು ಜಾತಿ, ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು, ಯುರೋಪಿನಲ್ಲಿ ಮತ್ತೊಂದು, ರಷ್ಯಾದಿಂದ ಚೀನಾ, ಜಪಾನಿನವರೆಗೆ ಮಗದೊಂದು. ಉಣುಗಿನ ಜೊತೆಗೆ ಬ್ಯಾಕ್ಟೀರಿಯಾದ ಪ್ರಭೇದವೂ ಬದಲಾಗುತ್ತದೆ. ಅಮೆರಿಕದ ಪ್ರಭೇದ ಹೆಚ್ಚಾಗಿ ಮೊಣಕಾಲಿನ ಗಂಟು ಹಿಡಿಯುತ್ತದೆ. ಯುರೋಪಿನ ಅಫ್ಜೇಲಿಯೈ ಚರ್ಮವನ್ನೂ ಗಾರಿನಿಯೈ ನರಗಳನ್ನೂ ಹೆಚ್ಚಾಗಿ ಕಾಡುತ್ತವೆ. ಆದ್ದರಿಂದಲೇ ರಕ್ತಪರೀಕ್ಷೆಯನ್ನು ಓದುವ ನಿಯಮ ಅಮೆರಿಕದಲ್ಲಿ ಒಂದು, ಯುರೋಪಿನಲ್ಲಿ ಇನ್ನೊಂದು. ಜರ್ಮನಿಯಲ್ಲಿ ಎಂ.ಎಸ್. ಓದುತ್ತ ವಾರದ ಕೊನೆಗೆ ಕಾಡು ಸುತ್ತುವ ನಮ್ಮ ಬ್ರಹ್ಮಾವರದ ಹುಡುಗನೂ ಕನೆಕ್ಟಿಕಟ್‌ನ ನನ್ನ ಮೊಮ್ಮಗನೂ ಒಂದೇ ಕಾಯಿಲೆ ತಂದರೂ, ಇಬ್ಬರ ವರದಿಯನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವಂತಿಲ್ಲ.

ಎಣಿಕೆಯ ವಿಷಯವೂ ಹಾಗೆಯೇ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಮಂದಿಗೆ ಈ ರೋಗವೆಂದು ಚಿಕಿತ್ಸೆ ಕೊಡಲಾಗುತ್ತದೆ ಎಂದು ಅಲ್ಲಿಯ ಸರಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಂದಾಜಿಸಿದೆ. ಇಲಾಖೆಯ ಲೆಕ್ಕಕ್ಕೆ ಬರುವುದು ಅದರ ಒಂದು ಪಾಲು ಮಾತ್ರ. 2017ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 37,000 ಇದ್ದ ಆ ಲೆಕ್ಕ 2022ರಲ್ಲಿ 62,500 ದಾಟಿತು. ರೋಗ ಅಷ್ಟು ಏರಿತೆಂದು ಇದರ ಅರ್ಥವಲ್ಲ. ರೋಗ ಹೆಚ್ಚಿರುವ ರಾಜ್ಯಗಳು ಪ್ರಯೋಗಾಲಯದ ವರದಿಯೊಂದನ್ನೇ ಆಧರಿಸಿ ಎಣಿಸಬಹುದು ಎಂದು ಆ ವರ್ಷ ನಿಯಮ ಬದಲಾಯಿತು. ಕೆನಡಾ 2009ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿದಾಗ ಸಿಕ್ಕಿದ್ದು 144 ಪ್ರಕರಣ; 2017ರಲ್ಲಿ ಅದು 2,000 ಮೀರಿತು. ಅಲ್ಲಿ ರೋಗವೂ ನಿಜವಾಗಿಯೇ ಹೆಚ್ಚಿದೆ, ಏಕೆಂದರೆ ಚಳಿ ಕಡಿಮೆಯಾದಂತೆ ಉಣುಗುಗಳು ವಲಸೆ ಹಕ್ಕಿಗಳ ಮೈಮೇಲೆ ಉತ್ತರಕ್ಕೆ ಸಾಗಿ ನೆಲೆಯೂರುತ್ತಿವೆ. ಜಪಾನ್ 1999ರಿಂದ ಎಣಿಸುತ್ತಿದೆ. ಜರ್ಮನಿಯಲ್ಲಿ ಕೆಲವು ರಾಜ್ಯಗಳು ಮಾತ್ರ ಎಣಿಸುತ್ತವೆ.

ಇಷ್ಟೆಲ್ಲ ಭಿನ್ನತೆಯ ನಡುವೆಯೂ ಬಹುತೇಕ ಎಲ್ಲರೂ ಒಪ್ಪುವ ಒಂದು ಮಾತಿದೆ, ಮತ್ತು ನಮ್ಮ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಉಣುಗು ಕಚ್ಚಿದ 3ರಿಂದ 30 ದಿನದೊಳಗೆ ಏಳುವ, ದಿನದಿಂದ ದಿನಕ್ಕೆ ಹರಡುವ, ಸಾಮಾನ್ಯವಾಗಿ 5 ಸೆಂಟಿಮೀಟರ್ ದಾಟುವ ಆ ಕಲೆ ಇದ್ದರೆ, ಮತ್ತು ವ್ಯಕ್ತಿ ರೋಗ ಇರುವ ಪ್ರದೇಶದಿಂದ ಬಂದಿದ್ದರೆ, ರಕ್ತಪರೀಕ್ಷೆ ಬೇಡ. ನೇರವಾಗಿ ಔಷಧ ಕೊಡಬೇಕು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಆ ಕಲೆಯಿದ್ದಲ್ಲಿ ಪರೀಕ್ಷೆಯಿಲ್ಲದೆ ರೋಗ ನಿರ್ಣಯಿಸಬೇಕು ಎನ್ನುತ್ತದೆ. ಕಾರಣ ಸರಳ: ನಾವು ಅಳೆಯುವುದು ಬ್ಯಾಕ್ಟೀರಿಯಾವನ್ನಲ್ಲ, ದೇಹ ಅದರ ವಿರುದ್ಧ ತಯಾರಿಸುವ ಪ್ರತಿಕಾಯವನ್ನು. ಅದು ರಕ್ತದಲ್ಲಿ ಕಾಣಿಸಿಕೊಳ್ಳಲು ವಾರಗಳು ಬೇಕು. ಕಲೆ ಎದ್ದ ಮೊದಲ ದಿನಗಳಲ್ಲಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತೆಂದು ಮನೆಗೆ ಕಳುಹಿಸುವುದು ಭತ್ತ ಬಿತ್ತಿದ ಮರುದಿನ ತೆನೆ ಹುಡುಕಿದ ಹಾಗೆ.

ಆ ಕಲೆಯನ್ನು ಕಲಿಯುವುದಾದರೂ ಹೇಗೆ? ಪಠ್ಯಪುಸ್ತಕಗಳ ಫೋಟೋಗಳೆಲ್ಲ ಬಹುತೇಕ ಬಿಳಿ ಚರ್ಮದವು. ನಡುವೆ ಕೆಂಪು ಚುಕ್ಕೆ, ಸುತ್ತ ತಿಳಿ ಬಳೆ, ಅದರ ಹೊರಗೆ ಮತ್ತೆ ಕೆಂಪು ಬಳೆ, ಗುರಿಹಲಗೆಯ ಹಾಗೆ. ನಿಜವಾದ ರೋಗಿಗಳಲ್ಲಿ ಆ ಬಳೆಗಳಿಲ್ಲದೆ ಒಂದೇ ಸಮನೆ ಬಣ್ಣ ತುಂಬಿದ ಕಲೆಯೂ ಧಾರಾಳವಾಗಿ ಇರುತ್ತದೆ. ಕಪ್ಪು, ಕಂದು ಚರ್ಮದ ಮೇಲೆ ಅದು ಪೆಟ್ಟು ಬಿದ್ದು ಕಂದಿದಂತೆಯೇ ಕಾಣಬಹುದು. ಅಮೆರಿಕದಲ್ಲೇ ಕಪ್ಪುಜನರಲ್ಲಿ ರೋಗ ತಡವಾಗಿ, ಗಂಟು ಹಿಡಿದ ಮೇಲೆ ಪತ್ತೆಯಾಗುವುದು ಹೆಚ್ಚು ಎಂದು ಅಲ್ಲಿಯ ವೈದ್ಯರೇ ಬರೆದಿದ್ದಾರೆ. ಅಲ್ಲಿಯೇ ಹಾಗಾದರೆ ಇಲ್ಲಿ ನೋಡಿ ಗೊತ್ತಿಲ್ಲದವರ ಕಣ್ಣಿಗೆ ಅದು ಹೇಗೆ ಬಿದ್ದೀತು?

ಇಲ್ಲಿಗೇ ನಿಲ್ಲಿಸಿದರೆ ನನ್ನ ಪತ್ರ ಅರ್ಧ ಸತ್ಯವಾದೀತು. ಲೈಮ್ ರೋಗದ ಹೆಸರು ಗೊತ್ತಿಲ್ಲದಿರುವುದು ಎಷ್ಟು ಅಪಾಯವೋ, ಅರೆಬರೆ ಗೊತ್ತಿದ್ದು ಎಲ್ಲರಿಗೂ ಪರೀಕ್ಷೆ ಬರೆಯುವುದೂ ಅಷ್ಟೇ ಅಪಾಯ. ಮೊಮ್ಮಗನ ಸುದ್ದಿ ಹಬ್ಬಿದ ಮೇಲೆ ನಮ್ಮ ನೆರೆಮನೆಯ ಹೆಂಗಸೊಬ್ಬರು ಬಂದು ತಮ್ಮ ಕಡತ ತೋರಿಸಿದರು. ಘಟ್ಟದ ಆಚೆ ಕಾಲಿಡದ, ಹಟ್ಟಿ ಗದ್ದೆ ಬಿಟ್ಟು ಬೇರೆ ಪ್ರಪಂಚವಿಲ್ಲದ ಅವರಿಗೆ ಎರಡು ವರ್ಷದಿಂದ ಬೆರಳ ಗಂಟುಗಳ ನೋವು. ಎಲ್ಲೋ ಬರೆಸಿಕೊಂಡ ದೊಡ್ಡ ಪಟ್ಟಿಯ ರಕ್ತಪರೀಕ್ಷೆಯಲ್ಲಿ ಲೈಮ್ ಐಜಿಎಂ ಪಾಸಿಟಿವ್ ಎಂಬ ಒಂದು ಸಾಲು ಇತ್ತು (ಐಜಿಎಂ ಎಂದರೆ ಸೋಂಕಿನ ಆರಂಭದಲ್ಲಿ ಮೂಡುವ ಪ್ರತಿಕಾಯ). ಆ ಒಂದು ಸಾಲಿನ ಮೇಲೆ ಅವರು ನಾಲ್ಕು ತಿಂಗಳು ಆಂಟಿಬಯಾಟಿಕ್ ನುಂಗಿದ್ದರು, ನಡುವೆ ಹದಿನೈದು ದಿನ ಇಂಜೆಕ್ಷನ್ ಬೇರೆ. ಹೊಟ್ಟೆ ಕೆಟ್ಟು ಮೈ ಇಳಿದುಹೋಗಿತ್ತು. ಕೊನೆಗೆ ಅದು ರುಮಟಾಯ್ಡ್ ಸಂಧಿವಾತ ಎಂದು ತಿಳಿದು ಈಗ ಅದಕ್ಕೆ ಬೇಕಾದ ಔಷಧ ನಡೆಯುತ್ತಿದೆ. ಐಜಿಎಂ ಫಲಿತಾಂಶಕ್ಕೆ ರೋಗ ಶುರುವಾದ ಮೊದಲ 30 ದಿನ ಮಾತ್ರ ಬೆಲೆ ಎಂದು ಅಮೆರಿಕದ ನಿಯಮವೇ ಹೇಳುತ್ತದೆ. ಅವರ ನೋವಿಗೆ ಆಗಲೇ ಎರಡು ವರ್ಷವಾಗಿತ್ತು.

ಈ ತಪ್ಪು ನಮ್ಮ ಜಿಲ್ಲೆಯಲ್ಲಿ ಆಗುವ ಸಂಭವ ಹೆಚ್ಚು ಎಂಬುದಕ್ಕೆ ಒಂದು ಖಚಿತ ಕಾರಣವಿದೆ. ಇಲಿಜ್ವರದ ಲೆಪ್ಟೋಸ್ಪೈರಾ ಕೂಡ ತಿರುಪಿನ ಆಕಾರದ ಅದೇ ಗುಂಪಿನ ಬ್ಯಾಕ್ಟೀರಿಯಾ. ಇಲಿಜ್ವರ, ಸಿಫಿಲಿಸ್ ಮುಂತಾದವು ಬಂದುಹೋದವರ ರಕ್ತದಲ್ಲಿರುವ ಪ್ರತಿಕಾಯಗಳನ್ನು ಲೈಮ್ ರೋಗದ ಮೊದಲ ಹಂತದ ಎಲಿಸಾ ಪರೀಕ್ಷೆ ತನ್ನವೇ ಎಂದು ತಪ್ಪಾಗಿ ಹಿಡಿಯಬಲ್ಲದು. ಅಮೆರಿಕದವರು ಎಲಿಸಾ ಒಂದನ್ನೇ ನಂಬದೆ ವೆಸ್ಟರ್ನ್ ಬ್ಲಾಟ್ ಎಂಬ ಎರಡನೆಯ ಹಂತವನ್ನೂ ಕಡ್ಡಾಯ ಮಾಡಿದ್ದು ಇಂಥ ತಪ್ಪು ಪಾಸಿಟಿವ್‌ಗಳನ್ನು ಸೋಸುವುದಕ್ಕೇ. 1994ರಲ್ಲಿ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ನಡೆದ ಸಭೆಯಲ್ಲಿ ಆದ ತೀರ್ಮಾನ ಅದು: ಐಜಿಜಿ ಎಂಬ, ತುಸು ತಡವಾಗಿ ಮೂಡುವ ಪ್ರತಿಕಾಯದ ಬ್ಲಾಟಿನ ಹತ್ತು ಪಟ್ಟಿಗಳಲ್ಲಿ ಐದಾದರೂ ಮೂಡಿದರೆ ಮಾತ್ರ ಪಾಸಿಟಿವ್. ಬ್ಲಾಟಿನ ಬದಲು ಇನ್ನೊಂದು ಬಗೆಯ ಎಲಿಸಾವನ್ನೇ ಎರಡನೆಯ ಹಂತವಾಗಿ ಬಳಸಲು 2019ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೂ ಹಂತ ಎರಡೇ. ಮಳೆಗಾಲವಿಡೀ ಕೆಸರು ಗದ್ದೆಯಲ್ಲಿ, ಅಡಿಕೆ ತೋಟದ ಕಣಿಯಲ್ಲಿ ಕಾಲಿಟ್ಟು ದುಡಿಯುವ ಜನ ಇರುವ ನಮ್ಮ ಜಿಲ್ಲೆಯಲ್ಲಿ ಒಂದೇ ಹಂತದ ಪರೀಕ್ಷೆಯ ಫಲಿತಾಂಶವನ್ನು ರೋಗಿಯ ಕೈಗೆ ಕೊಡುವುದು ಸರಿಯಲ್ಲ.

ಲೆಕ್ಕದ ಮಟ್ಟಿಗೆ ಹೀಗೆ ಇಟ್ಟುಕೊಳ್ಳೋಣ. ಗಂಟುನೋವಿರುವ, ಊರು ಬಿಟ್ಟು ಹೋಗದ ಒಂದು ಸಾವಿರ ಜನರಿಗೆ ಈ ಪರೀಕ್ಷೆ ಮಾಡಿಸಿದೆವು. ಪರೀಕ್ಷೆ ನೂರಕ್ಕೆ ಐದು ಸಲ ಮಾತ್ರ ಸುಳ್ಳು ಹೇಳುತ್ತದೆ ಎಂದುಕೊಳ್ಳೋಣ. ಆಗ ಐವತ್ತು ಜನರಿಗೆ ಪಾಸಿಟಿವ್ ಬರುತ್ತದೆ, ಆ ಐವತ್ತರಲ್ಲಿ ನಿಜವಾದ ಲೈಮ್ ರೋಗಿ ಒಬ್ಬರೂ ಇಲ್ಲದಿರಬಹುದು. ಅದೇ ಪರೀಕ್ಷೆ ಕನೆಕ್ಟಿಕಟ್‌ನಿಂದ ಬಂದ, ಮುಖ ಸೊಟ್ಟಗಾದ ಹುಡುಗನ ರಕ್ತದಲ್ಲಿ ಪಾಸಿಟಿವ್ ಬಂದರೆ ಅದು ಹೆಚ್ಚುಕಡಿಮೆ ನಿಜ. ಪರೀಕ್ಷೆ ಒಂದೇ, ಕಿಟ್ ಒಂದೇ, ಕೇಳಿದ ಊರು ಮಾತ್ರ ಬೇರೆ.

ಈ ವಿಷಯದಲ್ಲಿ ದೊಡ್ಡ ದೇಶಗಳೂ ಎಡವಿವೆ, ಜಗಳವಾಡಿವೆ. ಚಿಕಿತ್ಸೆ ಮುಗಿದ ಮೇಲೂ ನೂರಕ್ಕೆ ಐದರಿಂದ ಹತ್ತು ಮಂದಿಗೆ ಆಯಾಸ, ಮೈಕೈ ನೋವು ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದನ್ನು ವೈದ್ಯಲೋಕ ಒಪ್ಪುತ್ತದೆ. ಆದರೆ ಅದಕ್ಕೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡಬೇಕೆಂಬ ವಾದವನ್ನು ಅಮೆರಿಕದ ಸೋಂಕುರೋಗ ತಜ್ಞರ ಸಂಘ ಒಪ್ಪಲಿಲ್ಲ. ಆ ಸಂಘದ 2006ರ ಮಾರ್ಗಸೂಚಿಯ ಮೇಲೆ ಕನೆಕ್ಟಿಕಟ್‌ನ ಅಟಾರ್ನಿ ಜನರಲ್ ರಿಚರ್ಡ್ ಬ್ಲೂಮೆಂಥಾಲ್ ತನಿಖೆ ಆರಂಭಿಸಿದರು. 2008ರಲ್ಲಿ ರಾಜಿಯಾಗಿ, ಬೇರೆ ತಜ್ಞರ ಸಮಿತಿ ಅದನ್ನು ಪುನಃ ಪರಿಶೀಲಿಸಿ 2010ರಲ್ಲಿ ಮೂಲ ಶಿಫಾರಸುಗಳನ್ನೇ ಎತ್ತಿಹಿಡಿಯಿತು. ರೋಗಿಯ ನೋವು ನಿಜ, ಆದರೆ ಆ ನೋವಿಗೆ ಈ ಔಷಧ ಮದ್ದಲ್ಲ ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ನೆರೆಮನೆಯ ಆ ಹೆಂಗಸಿನ ಜೊತೆ ಕೂತು ಮಾತಾಡಿದ ಮೇಲೆ ನನಗೂ ಅರ್ಥವಾಗಿದೆ.

ಆಸ್ಟ್ರೇಲಿಯಾದ ಕತೆ ನಮಗೆ ಇನ್ನೂ ಹತ್ತಿರದ್ದು. ತಮ್ಮ ದೇಶದ ಉಣುಗುಗಳಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿಲ್ಲ, ಆದ್ದರಿಂದ ಅಲ್ಲಿಯೇ ತಗಲಿದ ಲೈಮ್ ರೋಗ ಇಲ್ಲ ಎಂಬುದು ಅಲ್ಲಿಯ ಸರಕಾರದ ನಿಲುವು. ಉಣುಗು ಕಚ್ಚಿದ ಮೇಲೆ ವರ್ಷಗಟ್ಟಲೆ ನರಳಿದವರು ಅದನ್ನು ಒಪ್ಪದೆ ರಕ್ತವನ್ನು ವಿದೇಶಿ ಪ್ರಯೋಗಾಲಯಗಳಿಗೆ ಕಳುಹಿಸಿದರು, ಬೀದಿಗೂ ಇಳಿದರು. ವಿಷಯ ಸೆನೆಟ್ ಸಮಿತಿಯ ಮುಂದೆ ಹೋಗಿ 2016ರಲ್ಲಿ ವರದಿ ಬಂತು. ಕೊನೆಗೆ ಸರಕಾರ ಅವರ ತೊಂದರೆಗೆ ಲೈಮ್ ಎನ್ನದೆ, ಉಣುಗಿನಿಂದ ಬಂದದ್ದೆಂದು ಹೇಳಲಾಗುವ ಲಕ್ಷಣಗಳ ಗುಚ್ಛ ಎಂಬರ್ಥದ ಉದ್ದನೆಯ ಹೆಸರನ್ನು ಇಟ್ಟಿತು. ಹೆಸರು ಸರಕಾರಿ ಶೈಲಿಯದು, ನಗು ಬರುತ್ತದೆ. ಆದರೂ ನನ್ನ ಮಟ್ಟಿಗೆ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ: ಅವರು ಉಣುಗುಗಳನ್ನು ಹಿಡಿದು, ಒಡೆದು, ಹುಡುಕಿ ನೋಡಿ ಆಮೇಲೆ ಇಲ್ಲ ಎಂದರು.

ನಾವು? ಹಿಮಾಚಲ ಪ್ರದೇಶದಿಂದ, ಈಶಾನ್ಯ ರಾಜ್ಯಗಳಿಂದ ಬಿಡಿ ಪ್ರಕರಣಗಳ ವೈದ್ಯಕೀಯ ವರದಿಗಳಿವೆ. ನಮ್ಮದೇ ನಾಗರಹೊಳೆ, ಬಂಡೀಪುರ ಅರಣ್ಯಪ್ರದೇಶದ ಜನರ ರಕ್ತದಲ್ಲಿ ಪ್ರತಿಕಾಯ ಕಂಡುಬಂದ ಅಧ್ಯಯನವೂ ಪ್ರಕಟವಾಗಿದೆ. ಪ್ರತಿಕಾಯ ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆ ಎಂದು ಈಗಷ್ಟೇ ಹೇಳಿದವಳು ಆ ಅಧ್ಯಯನವನ್ನೇ ಹಿಡಿದುಕೊಂಡು ನಮ್ಮ ಕಾಡಿನಲ್ಲಿ ಲೈಮ್ ಇದೆ ಎಂದು ಸಾಧಿಸಲಾರೆ. ಇಲ್ಲ ಎಂದು ಹೇಳಲೂ ಆಗದು. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ನಮ್ಮ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಲೈಮ್ ರೋಗದ ಮೊದಲ ಹಂತಕ್ಕೂ ಮದ್ದೇ ಆದ್ದರಿಂದ, ಒಂದುವೇಳೆ ಅದು ಇಲ್ಲಿ ಇದ್ದರೂ ಹೆಸರು ಹೇಳದೆ ಬಂದು ಹೆಸರು ಹೇಳದೆ ವಾಸಿಯಾಗಿ ಹೋಗಿರಬಹುದು.

ಹುಡುಕುವ ವಿದ್ಯೆ ಮಾತ್ರ ನಮ್ಮ ಜಿಲ್ಲೆಗೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಘಟ್ಟ ಇಳಿದು ಬೆಳ್ತಂಗಡಿಗೆ, ಮುಂದೆ ಕುಂದಾಪುರದ ಕಡೆಗೂ ಬಂದದ್ದು ಎಲ್ಲರಿಗೂ ಗೊತ್ತು. ಈಗ ಘಟ್ಟದ ಬುಡದ ಹಳ್ಳಿಗಳಲ್ಲಿ ಮಂಗ ಸತ್ತರೆ ಆಶಾ ಕಾರ್ಯಕರ್ತೆಗೆ ಫೋನು ಹೋಗುತ್ತದೆ. ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತಾರೆ. ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಸಂಗ್ರಹಿಸಿ ಪರೀಕ್ಷಿಸುವ ವ್ಯವಸ್ಥೆಯಿದೆ. ಮಂಗನ ಕಾಯಿಲೆಯ ಮುಖ್ಯ ವಾಹಕ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಬೇರೆ ಕುಲದ ಉಣುಗು ಎಂಬುದು ನಿಜ. ಆದರೆ ಅದೇ ಕಾಡುಗಳಲ್ಲಿ ಇಕ್ಸೋಡಿಸ್ ಕುಲದವೂ ಇವೆ. ಮಂಗನ ಕಾಯಿಲೆಯ ವೈರಸ್ಸನ್ನು ಇಕ್ಸೋಡಿಸ್ ಪೆಟಾರಿಸ್ಟೆ ಎಂಬ ಉಣುಗಿನಿಂದಲೂ ಬೇರ್ಪಡಿಸಿದ್ದಾರೆ. ವೈರಸ್ಸಿಗಾಗಿ ಹೇಗೂ ಹಿಡಿಯುವ ಉಣುಗುಗಳಲ್ಲಿ ಇಕ್ಸೋಡಿಸ್‌ಗಳನ್ನು ಪ್ರತ್ಯೇಕಿಸಿ, ಬೊರೇಲಿಯಾ ಇದೆಯೇ ಎಂದು ಪಿಸಿಆರ್ ಮಾಡಿಸಿ ನೋಡಲು ಹೊಸ ಇಲಾಖೆ ಕಟ್ಟಬೇಕಾಗಿಲ್ಲ. ಮಣಿಪಾಲದಂಥ ವಿದ್ಯಾಕೇಂದ್ರ ಮನೆಯ ಅಂಗಳದಲ್ಲೇ ಇರುವಾಗ ಈ ಕೆಲಸಕ್ಕೆ ಕೈಜೋಡಿಸುವವರು ಸಿಗದೆ ಇರಲಾರರು.

ಇನ್ನು ತಮ್ಮಲ್ಲಿ ನಾನು ಕೇಳಿಕೊಳ್ಳುವುದು. ಈ ಮಳೆಗಾಲ ಶುರುವಾಗುವ ಮೊದಲು ಜಿಲ್ಲೆಯ ಎಲ್ಲ ವೈದ್ಯರಿಗೆ ಒಂದೇ ಪುಟದ ಸುತ್ತೋಲೆ ಹೊರಡಿಸಿ. ಹರಡುವ ಕಲೆ, ಮುಖದ ಪಾರ್ಶ್ವವಾಯು, ಕಾರಣ ಗೊತ್ತಾಗದೆ ಊದಿದ ಮೊಣಕಾಲು, ಅಥವಾ ಎಳೆಯ ಪ್ರಾಯದಲ್ಲಿ ಹೃದಯದ ಬಡಿತಕ್ಕೆ ತಡೆ ಇಟ್ಟುಕೊಂಡು ಬಂದವರನ್ನು, ಈಚೆಗೆ ಎಲ್ಲಿಂದ ಬಂದಿರಿ, ಅಲ್ಲಿ ಕಾಡು, ಹುಲ್ಲುಗಾವಲು ತಿರುಗಿದಿರಾ ಎಂದು ಕೇಳಬೇಕೆಂದು ಅದರಲ್ಲಿ ಮೊದಲ ಸಾಲಿನಲ್ಲೇ ಬರಲಿ. ಗಂಟಿನ ತೊಂದರೆ ಕಚ್ಚಿದ ತಿಂಗಳುಗಳ ನಂತರವೂ ಬರುತ್ತದೆಯಾದ್ದರಿಂದ ಅಂಥವರ ವಿಷಯದಲ್ಲಿ ಒಂದು ವರ್ಷ ಹಿಂದಿನವರೆಗೂ ಕೇಳಬೇಕಾಗುತ್ತದೆ. ಊರು ಬಿಟ್ಟು ಹೋಗದವರಿಗೆ ಬರೀ ಆಯಾಸಕ್ಕೆ, ಬರೀ ಗಂಟುನೋವಿಗೆ ಲೈಮ್ ಪರೀಕ್ಷೆ ಬರೆಯಬಾರದು ಎಂಬುದೂ ಅಷ್ಟೇ ಸ್ಪಷ್ಟವಾಗಿ ಇರಲಿ. ರಕ್ತವನ್ನು ಎಲ್ಲಿಗೆ ಕಳುಹಿಸಬೇಕು, ಎರಡೂ ಹಂತ ಅಲ್ಲಿ ಆಗುತ್ತದೆಯೇ ಎಂಬುದನ್ನು ಇಲಾಖೆಯೇ ವಿಚಾರಿಸಿ ತಿಳಿಸಲಿ; ನಾವು ಅದಕ್ಕಾಗಿ ಎರಡು ದಿನ ಫೋನಿನ ಮೇಲೆ ಕೂತಿದ್ದೆವು.

ಉಣುಗು ಕೀಳುವ ಬಗ್ಗೆಯೂ ಒಂದು ಮಾತು ಸೇರಿಸಿದರೆ ಒಳ್ಳೆಯದು, ಏಕೆಂದರೆ ಅದು ಮಂಗನ ಕಾಯಿಲೆಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆ ಉಣುಗು ಕಚ್ಚಿದರೆ ಚಿಮಿಣಿ ಎಣ್ಣೆ ಹಾಕುವವರಿದ್ದಾರೆ, ಸುಣ್ಣ ಹಚ್ಚುವವರಿದ್ದಾರೆ, ಬೀಡಿಯ ಕೆಂಡ ತಾಗಿಸುವವರೂ ಇದ್ದಾರೆ. ಇವು ಯಾವುವೂ ಬೇಡ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಸೋಪಿನಿಂದ ತೊಳೆದು, ಕಿತ್ತ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಕು. ಅಮೆರಿಕದ ಉಣುಗು ರೋಗ ದಾಟಿಸಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು. ಸಂಜೆ ಮಕ್ಕಳ ಮೊಣಕಾಲ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ, ಕೂದಲ ಬುಡದಲ್ಲಿ ನೋಡಿ ತೆಗೆದರೆ ಬಹುಪಾಲು ಅಪಾಯ ಅಲ್ಲಿಗೇ ಮುಗಿಯುತ್ತದೆ. ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಕನ್ನಡಕ ಹಾಕಿಕೊಂಡು ನೋಡಬೇಕು.

ಕೊನೆಯದಾಗಿ ಆ ಫೋಟೋದ ವಿಷಯ. ಬಚ್ಚಲಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದದ್ದು, ಅಷ್ಟೇನೂ ಚೆನ್ನಾಗಿಲ್ಲ, ಆದರೆ ಕಂದು ಚರ್ಮದ ಮೇಲೆ ನೀಲಿ ಬಾಲ್‌ಪೆನ್ನಿನ ಗೆರೆಯೂ ಅದನ್ನು ದಾಟಿ ಹೋದ ಕಲೆಯ ಅಂಚೂ ಸ್ಪಷ್ಟವಾಗಿ ಕಾಣುತ್ತವೆ. ಮುಖ ಅದರಲ್ಲಿಲ್ಲ, ಮೊಣಕಾಲು ಮಾತ್ರ ಇದೆ. ಹುಡುಗನ ತಂದೆತಾಯಿಯ ಲಿಖಿತ ಒಪ್ಪಿಗೆ ನನ್ನ ಬಳಿ ಇದೆ. ಹುಡುಗನನ್ನೂ ಕೇಳಿದ್ದೇನೆ, ತನ್ನ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಅವನೂ ಒಪ್ಪಿದ್ದಾನೆ. ಸುತ್ತೋಲೆಗೆ ಬೇಕಾದರೆ ಅದನ್ನು ಬಳಸಿಕೊಳ್ಳಬಹುದು. ತಮ್ಮ ಕಚೇರಿಗೆ ತಂದು ಕೊಡಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ
ಹಿರಿಯಡ್ಕ, ಉಡುಪಿ ಜಿಲ್ಲೆ